ಅಕ್ಕ ಆಡದ ಮಾತು

ಯಳಂದೂರು
14-7-2024

ಪ್ರೀತಿಯ ಮಗಳು ದಿವ್ಯಳಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ. ಹತ್ತು ದಿನದಿಂದ ನಿನ್ನ ಫೋನ್ ಎತ್ತಲಿಲ್ಲ, ತಪ್ಪು ತಿಳಿಯಬೇಡ. ನನ್ನ ದನಿಯಿಂದ ಆದ ಅನಾಹುತವೇ ಸಾಕೆಂದು ಕಾಗದ ಹಿಡಿದಿದ್ದೇನೆ.

ನಮ್ಮ ಪಾಡ್‌ಕಾಸ್ಟನ್ನು ಹನ್ನೊಂದು ಸಾವಿರ ಜನ ಕೇಳಿದರೆಂದು ನೀನು ಮೆಸೇಜ್ ಹಾಕಿದ್ದೆ. ಸಂತೋಷ. ಪಾಲಾರ್‌ನಲ್ಲಿ ಹೋಟೆಲ್ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ಶಾಂತರಾಜು ಕೂಡ ಫೋನ್ ಮಾಡಿ, "ಮೇಡಂ, ನಿಮ್ಮವ್ವನ್ ಮಗ್ಗದ ಕತೆ ಕೇಳ್ದೆ, ಕಣ್ಣಲ್ ನೀರ್ ಬಂದ್ಬುಡ್ತು" ಎಂದ. ನಾನು ಅಲ್ಲಿ ಓದಿದ ಅದೇ ಪ್ರಬಂಧ ಹನೂರಿನ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಆರು ವರ್ಷದಿಂದ ಬಿದ್ದಿತ್ತು. ಒಂದು ನರಪಿಳ್ಳೆಯೂ ಓದಿರಲಿಲ್ಲ.

ಅದರಲ್ಲಿ ಅಕ್ಕನ ಬಗ್ಗೆ ಇದ್ದದ್ದು ಒಂದೇ ಸಾಲು. ‘ನನ್ನ ಅಕ್ಕನಿಗೆ ಓದು ತಲೆಗೆ ಹತ್ತಲಿಲ್ಲವಾದ್ದರಿಂದ ಆಕೆ ಶಾಲೆ ಬಿಟ್ಟು ಅವ್ವನಿಗೆ ನೂಲು ಸುತ್ತಿಕೊಡಲು ನಿಂತಳು.’ ನಿನಗದು ಸಪ್ಪೆ ಎನಿಸಿತು. "ಅಮ್ಮ, ಹೀಗೆ ಓದಿದ್ರೆ ಕೇಳೋರು ಆಫ್ ಮಾಡ್ಬಿಡ್ತಾರೆ. ದೊಡ್ಡವ್ವನ ಹೆಸರು ಹೇಳು, ಅವರ ಹಾಗೇ ಮಾತಾಡು" ಅಂದೆ. ಮೂವತ್ತು ವರ್ಷ ಮಕ್ಕಳ ಉಚ್ಚಾರಣೆ ತಿದ್ದಿದವಳು ಮೈಸೂರಿನ ನಿನ್ನ ಸ್ಟುಡಿಯೋದಲ್ಲಿ ಕೂತು, ಶಿವನಂಜಮ್ಮ ಹೀಗಂದಳು ಎಂದು ಅಕ್ಕನ ರಾಗವನ್ನೇ ಎಳೆದೆ: "ನಂಗ್ಯಾಕವ್ವಾ ಇಸ್ಕೂಲು? ಸಿಲೇಟ್ ಇಡುದ್ರೆ ನಿದ್ದೆ ಬತ್ತದೆ. ರತ್ನಿ ಓಗ್ಲಿ ಬುಡು." ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನೂ ಉಬ್ಬಿಹೋದೆ.

ಕೊಳ್ಳೇಗಾಲದಲ್ಲಿ ಅಕ್ಕನ ಮಗ ಚೌಡೇಶ ಅದನ್ನು ಮಗ್ಗದ ಮನೆಯಲ್ಲಿ ಸ್ಪೀಕರಿಗೆ ಹಾಕಿದ. "ಅವ್ವಾ, ಚಿಕ್ಕವ್ವ ನಿನ್ ಸುದ್ದಿ ಏಳ್ತಾವ್ರೆ, ಬಾ" ಎಂದು ಅಡುಗೆಮನೆಯಿಂದ ಕರೆದುಕೊಂಡು ಬಂದನಂತೆ. ಆ ಮಾತು ಬಂದಾಗ ನೇಯುತ್ತಿದ್ದ ನಾಲ್ವರೂ ನಕ್ಕರಂತೆ. ಅಕ್ಕ ಎದ್ದು ಒಳಗೆ ಹೋದವಳು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲವೆಂದು ಅವನೇ ಹೆದರಿ ಫೋನ್ ಮಾಡಿದ.

ಗುರುವಾರ ಬಸ್ಸು ಹತ್ತಿ ಹೋದೆ. ಅಕ್ಕ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು. ಏಳಲಿಲ್ಲ. "ಉಂಡ್ಯಾ?" ಅಂದಳು. ಉಂಡೆ ಅಂದೆ, ಉಂಡಿರಲಿಲ್ಲ. ಆಮೇಲೆ, "ಚೆಂದಾಗಿ ನನ್ ದನಿ ಆಡಿದಿಯ. ನಾನ್ ಯಾವತ್ ಕಣವ್ವಾ ಅಂಗಂದೆ?" ಎಂದು ಕೇಳಿದಳು.

ಕೇಳುವವರಿಗೆ ರುಚಿಯಾಗಲೆಂದು ದಿವ್ಯ ಹೇಳಿಸಿದಳು ಅಂದುಬಿಟ್ಟೆ. ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ, ಕ್ಷಮಿಸು.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. "ಪುಸ್ತಕ್ದಲ್ಲೂ ಅಂಗೇ ಬರ್ದಿದ್ಯಾ?" ಎಂದಳು. ದೇವರ ಗೂಡಿನಿಂದ ಆ ಸ್ಮರಣ ಸಂಚಿಕೆ ತಂದಳು. ನಾನೇ ಕೊಟ್ಟಿದ್ದ ಪ್ರತಿ; ರೇಷ್ಮೆ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಮನೆಗೆ ಬಂದವರಿಗೆಲ್ಲ "ನಮ್ ರತ್ನಿ ಬರ್ದಿರದು" ಎಂದು ತೋರಿಸುತ್ತಿದ್ದಳಂತೆ. "ಇದ್ರೊಳ್ಗೆ ನಾನ್ ಎಲ್ಲಿವ್ನಿ? ಬೊಟ್ ಮಾಡಿ ತೋರ್ಸು" ಎಂದಳು.

ತೋರಿಸಿದೆ. ಆ ಸಾಲನ್ನೇ ಬಹಳ ಹೊತ್ತು ನೋಡಿದಳು. ಕಲಿತಿದ್ದ ಅಕ್ಷರವೂ ಮರೆತು ಅವಳಿಗೀಗ ಓದಲು ಬರುವುದಿಲ್ಲ ಎನ್ನುವ ಧೈರ್ಯದಲ್ಲೇ ತಾನೆ ನಾನದನ್ನು ಬರೆದದ್ದು? ಪುಸ್ತಕ ಮುಚ್ಚಿ ನನ್ನ ಕೈಗೇ ವಾಪಸು ಕೊಟ್ಟಳು. ಬಟ್ಟೆಯನ್ನು ಮಾತ್ರ ಮಡಿಸಿ ತಾನಿಟ್ಟುಕೊಂಡಳು.

ಎರಡನೇ ಕಂತಿಗೆ ದೊಡ್ಡವ್ವನನ್ನೇ ಕೂರಿಸಿ ಮಾತಾಡಿಸೋಣ, ಜನ ಇಷ್ಟಪಡುತ್ತಾರೆ ಎಂದು ಬರೆದಿದ್ದೀಯ. ನಿನಗೆ ಕೈಮುಗಿಯುತ್ತೇನೆ, ಬೇಡ. ಇರುವುದನ್ನೂ ತೆಗೆದುಹಾಕು. ಓದು ಬಾರದವರಿಗೂ ತಲುಪಬೇಕು ಅಂದಿದ್ದೆಯಲ್ಲ, ತಲುಪಿದೆ. ಇನ್ನೂ ಯಾರಿಗೆ ತಲುಪಬೇಕು ಹೇಳು?

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ನನ್ನ ಮೇಲಿರುವಷ್ಟು ಇಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಮ್ಮ
ಶಿವರತ್ನಮ್ಮ

ಮತ್ತೆ: ಕವರು ಅಂಟಿಸಿದವಳು ಬಿಚ್ಚಿ ಬರೆಯುತ್ತಿದ್ದೇನೆ. ಆ ನಿದ್ದೆಯ ಮಾತು ನಿನ್ನ ಮೈಕಿನ ಮುಂದೆ ಹುಟ್ಟಿದ್ದಲ್ಲ. ಅಪ್ಪ ತೀರಿಕೊಂಡ ವರ್ಷ ಅವ್ವನಿಗೆ ನಮ್ಮಿಬ್ಬರಲ್ಲಿ ಒಬ್ಬಳು ಮನೆಯಲ್ಲಿ ಬೇಕಾಗಿತ್ತು. ಅಕ್ಕ ಓದಿನಲ್ಲಿ ಮುಂದು, ಹಾಗಾಗಿ ನನ್ನನ್ನೇ ಶಾಲೆ ಬಿಡಿಸುವುದೆಂದಿತ್ತು. ಆಗ ಏಳು ವರ್ಷದ ನಾನು, ಅಕ್ಕ ಕ್ಲಾಸಿನಲ್ಲಿ ಬರೀ ನಿದ್ದೆ ಮಾಡುತ್ತಾಳೆ, ಗುರುಸಿದ್ದಯ್ಯ ಮೇಷ್ಟ್ರು ಬೈಯುತ್ತಾರೆ ಎಂದು ಅವ್ವನ ಕಿವಿಯಲ್ಲಿ ಸುಳ್ಳು ಹೇಳಿದೆ. ಅವ್ವ ನಂಬಿದಳು. ಗುರುವಾರ ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ಅಕ್ಕ ಹೇಳಿದ್ದಿಷ್ಟೇ: "ಅವ್ವ ಸಾಯೋಗಂಟ, ಇಸ್ಕೂಲಲ್ಲಿ ನಿದ್ದೆ ಮಾಡ್ತಿದ್ದೋಳು ಅಂತ ನನ್ನ ಬೈತಿತ್ತು. ಅದ್ನ ಏಳ್ದೋರು ಮೇಷ್ಟ್ರೇ ಅನ್ಕಂಡಿದ್ದೆ ಕಣೆ ರತ್ನಿ. ಪಾಪ, ಅರವತ್ ವರ್ಸ ಅವ್ರಿಗ್ ಇಡಿ ಶಾಪ ಹಾಕ್ಬುಟ್ನಲ್ಲ."