ಬಿದ್ದ ಕಾಯಿಗೂ ಒಡತಿಯಿದ್ದಾಳೆ

ಚಿಕ್ಕಮ್ಮಾ,

ಅಂತೂ ನಮ್ಮ ಹಡಗಿನ ಹಾಯಿ ಬಿಚ್ಚುತ್ತಿದ್ದಾರೆ. ಬೆನ್ನುಚೀಲದ ವಿದೇಶಿ ಹುಡುಗರ ಜೊತೆ ಪನಾಮಾ ಬಿಟ್ಟು ಕೊಲಂಬಿಯಾಕ್ಕೆ ಹೊರಟೆ. ಗಡಿಯಾಚೆಯ ನಮ್ಮ ಗುನಾ ಜನರ ಭೂಮಿ ಹಕ್ಕಿನ ಸಭೆ ಇನ್ನು ತಪ್ಪುವುದಿಲ್ಲ. ಬೆಳಿಗ್ಗೆ ಆ ಆಸೆಯನ್ನೇ ಬಿಟ್ಟಿದ್ದೆ.

ಅವರಲ್ಲೊಬ್ಬ, ಯೋನಾಸ್ ಎಂಬ ಜರ್ಮನ್ ಹುಡುಗ, ನಾವು ಲಂಗರು ಹಾಕಿದ್ದ ದ್ವೀಪದ ಮರಳಲ್ಲಿ ಬಿದ್ದಿದ್ದ ತೆಂಗಿನಕಾಯಿ ಎತ್ತಿ ಒಡೆದು ತಿಂದುಬಿಟ್ಟ. ಮರದ ಒಡತಿ ಓಲೊವಾಯ್ಲಿ ಅಜ್ಜಿ ತನ್ನ ಪುಟ್ಟ ದೋಣಿಯನ್ನು ತಂದು ನಮ್ಮ ಲಂಗರಿನ ಹಗ್ಗಕ್ಕೇ ಕಟ್ಟಿ ಕೂತಳು. ಅವಳು ಒಪ್ಪುವವರೆಗೆ ನಾವು ಕದಲಕೂಡದು ಎಂದು ಊರ ಹಿರಿಯರೂ ಹೇಳಿಬಿಟ್ಟರು.

"ಕೆಳಗೆ ಬಿದ್ದಿತ್ತು. ಯಾರದೂ ಅಲ್ಲ ಅಂದ್ಕೊಂಡೆ," ಅಂದ ಹುಡುಗ.

"ನಿನ್ನ ಟೋಪಿ ಕೆಳಗೆ ಬಿದ್ರೆ ಅದೂ ಯಾರದೂ ಅಲ್ವೇನೋ ಮಗನೇ?" ಅಂದಳು ಅಜ್ಜಿ.

ಕ್ಯಾಪ್ಟನ್ ಎವೆಲಿಯೊ ದಂಡ ಕಟ್ಟಲು ಜೇಬಿಗೆ ಕೈಹಾಕಿದ.

"ಆ ನೋಟು ನೆಟ್ರೆ ಮೊಳೆಯುತ್ತಾ?" ಅಂದಳು ಅಜ್ಜಿ. " ಮಡಚಿಡು. ಒಂದು ತಿಂದೋನು ಎರಡು ನೆಡಲಿ."

ಹುಡುಗ ಉರಿಬಿಸಿಲಲ್ಲಿ ಗುಂಡಿ ತೋಡಿ ಎರಡು ಮೊಳಕೆಕಾಯಿ ನೆಟ್ಟ. ಅಜ್ಜಿ ಅವನಿಗೆ ಎಳನೀರು ಕೊಚ್ಚಿಕೊಟ್ಟು, ಆಮೇಲೆ ಹಗ್ಗದ ಗಂಟು ಬಿಚ್ಚಿದಳು. ನನಗೆ ಉಸಿರು ಬಂತು.

ಹುಡುಗ ಕೇಳಿಸಿಕೊಂಡ, ನೆಟ್ಟ. ನಮ್ಮ ತೀರ ಯಾರದೂ ಅಲ್ಲ ಎಂದು ಹೋಟೆಲು ಕಟ್ಟಲು ಬರುವ ಧಣಿಗಳು ಕೇಳಿಸಿಕೊಳ್ಳುವುದಿಲ್ಲ. ಅವರ ಹಗ್ಗಕ್ಕೂ ನಾವು ದೋಣಿ ಕಟ್ಟಿ ಕೂರಬೇಕು. ಸಭೆಯಲ್ಲಿ ಇದನ್ನೇ ಹೇಳುತ್ತೇನೆ.

ನೀನು ಕೊಟ್ಟ ಶುಂಠಿ ಜಗಿಯುತ್ತಿದ್ದೇನೆ, ಹೊಟ್ಟೆ ತೊಳಸುತ್ತಿಲ್ಲ. ಈ ಕಾರ್ಡನ್ನು ಅಂಚೆಗೆ ಒಯ್ಯಲು ಅಜ್ಜಿ ದೋಣಿಯಿಂದ ಕೈಚಾಚಿ ಬೈಯುತ್ತಿದ್ದಾಳೆ: "ಬರೆದಿದ್ದು ಸಾಕು ಕಣೇ, ಗಾಳಿ ನಿನಗೋಸ್ಕರ ನಿಲ್ಲಲ್ಲ."

ನಿನ್ನ ನೆಲಿಸ್