ಡಾಕ್ಟರಮ್ಮನ ಕಾರಿನ ಸದ್ದು

೪ ಮೇ ೧೯೪೮, ಮಂಗಳವಾರ

ಇವತ್ತೂ ಕಾರು ಶಿರವಾಳ ದಾರಿಯ ಏರು ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಬಾಣಂತಿ, ಮೈ ಸುಡುವ ಜ್ವರ. ಫಸ್ಟ್ ಗೇರ್, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ನಿಂತೇಬಿಟ್ಟಿತು. ಡಾಕ್ಟರ್ ಕುಬ್ರಾಬೇಗಂ ತಾವೇ ಇಳಿದು ತಳ್ಳಿದರು. ಶಹಾಪುರದ ದವಾಖಾನೆ ಮುಟ್ಟುವಷ್ಟರಲ್ಲಿ ಬಾಣಂತಿಗೆ ಎಚ್ಚರ ತಪ್ಪಿತ್ತು. ಬದುಕಿದ್ದಾಳೆ.

"ಖಂಡಪ್ಪ, ಇದ್ಕ ಏನರ ಮಾಡು," ಅಂದರು ಬೇಗಂ, ಡ್ರೈವರನಾದ ನನಗೆ. ಅಷ್ಟೇ.

೭ ಮೇ

ಸುರಪುರ. ಕಮ್ಮಾರಿಕೆಯ ಲೋಹಾರ ಮಕ್ತುಮಸಾಬರು ಕಾರಿನಡಿ ಮಲಗಿ ಸೈಲೆನ್ಸರಿಗೆ ಸುತ್ತಿಗೆ ತಟ್ಟಿ ಸದ್ದು ಆಲಿಸಿದರು. "ಮಸಿ ತುಂಬೇದ. ಗಾಡಿಗಿ ಉಸ್ರು ಕಟ್ಟೇದ."

ಹೊಸದು ಸಿಗದು — ನಿಜಾಮನ ಸೀಮೆಯ ಗಡಿ ಬಂದ್, ಯಾದಗಿರಿ ಸ್ಟೇಷನ್ನಿಗೆ ಮಾಲೇ ಬರುತ್ತಿಲ್ಲ. ಹಳೆಯದನ್ನು ಕಿತ್ತು, ಬಾವಿ ಪಂಪಿನ ಅಗಲ ಪೈಪು ನೇರ ಕೂಡಿಸಿದರು.

ಏರನ್ನು ಸೆಕೆಂಡ್ ಗೇರಿನಲ್ಲೇ ಹತ್ತಿತು! ಸದ್ದು ಮಾತ್ರ ಥೇಟ್ ಲಾರಿಯದು. ನಗು ಬಂತು.

೧೫ ಮೇ

ಶಿರವಾಳದಾಚೆಯ ಹಳ್ಳಿಯಿಂದ ಕರೆ. ಅಮೃತಮ್ಮ ಎಂಬಾಕೆಗೆ ಹೆರಿಗೆ ನೋವು. ಹೋದರೆ ಊರು ಖಾಲಿ. ಒಲೆ ಉರಿಯುತ್ತಿದೆ, ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿದೆ, ಒಂದು ನರಪಿಳ್ಳೆ ಇಲ್ಲ. ಕಾರಿನ ಸದ್ದು ಕೇಳಿ ಊರು ಸುಲಿಯುವ ರಜಾಕಾರರ ಲಾರಿ ಬಂತೆಂದು ಓಡಿದ್ದರು. ನೋವು ತಿನ್ನುತ್ತಿದ್ದಾಕೆಯೂ.

ಬೇಗಂ ಹಳ್ಳದ ಕಡೆ ಕೂಗುತ್ತಾ ನಡೆದರು. "ಅಮೃತಮ್ಮಾ! ನಾ ಡಾಕ್ಟರು! ಹೆದರಬ್ಯಾಡ್ರಿ!"

ಜಾಲಿ ಮರೆಯಿಂದ ಅಮೃತಮ್ಮನ ಅತ್ತೆ ಹಣಮಂತಮ್ಮ ಎದ್ದಳು. ಕೈಯಲ್ಲಿ ಕುಡುಗೋಲು. "ಯಾರವ್ವ ನೀ? ಮೊದಲ ಕೈ ತೋರ್ಸು."

ಬೇಗಂ ಬ್ಯಾಗು ಕೆಳಗಿಟ್ಟು ಎರಡೂ ಕೈ ಎತ್ತಿ ನಿಂತರು. ನಾನು ನೋಡಲಾರದೆ ಮುಖ ತಿರುಗಿಸಿದೆ.

ಹಳ್ಳದ ಮರಳಲ್ಲೇ, ಬೇಗಂ ಅವರ ಚಾದರದ ಮೇಲೆ ಹೆರಿಗೆ. ಹೆಣ್ಣು. ತಾಯಿಗೆ ರಕ್ತ ನಿಲ್ಲುತ್ತಿಲ್ಲ... ಕಾರಿಗೆ ಹಾಕಿಕೊಂಡು ಶಹಾಪುರಕ್ಕೆ ಹೊಡೆದೆ. ಏರಿನಲ್ಲಿ ಎಲ್ಲೂ ನಿಲ್ಲಲಿಲ್ಲ. ಹಣಮಂತಮ್ಮ ದಾರಿಯುದ್ದಕ್ಕೂ ಕೂಸು ಅವುಚಿಕೊಂಡು ಕೂತಿದ್ದಳು.

"ಇನ್ನೊಂಚೂರು ತಡ ಆಗಿದ್ರ ಹೋಗಿಬಿಡ್ತಿದ್ಳು," ಅಂದರು ಬೇಗಂ, ದವಾಖಾನೆಯಲ್ಲಿ ಕೈ ತೊಳೆಯುತ್ತಾ.

ಊರು ಬಿಡಿಸಿದ್ದೂ ಆ ಪೈಪು, ಜೀವ ಉಳಿಸಿದ್ದೂ ಅದೇ.

೧೮ ಮೇ

ಮಕ್ತುಮಸಾಬರಿಗೆ ಎಲ್ಲಾ ಹೇಳಿದೆ. ಹಳೇ ಸೈಲೆನ್ಸರೇ ಹಾಕಿಬಿಡಿ ಅಂದೆ. ಅವರು ಬಗ್ಗಿ ಪೈಪು ಮುಟ್ಟಿ ನೋಡಿದರು.

"ಬ್ಯಾಡಪ್ಪ. ಕಸುವು ಇರ್ಲಿ. ಸದ್ದಷ್ಟ ಸಾಯ್ಲಿ."

ಪೈಪಿಗೆ ತುಂಬ ತೂತು ಕೊರೆದರು. ಸುತ್ತ ಉದ್ದನೆಯ ತಗಡಿನ ಡಬ್ಬಿ, ನಡುವೆ ಕಬ್ಬಿಣ ಕೊರೆದಾಗ ಬೀಳುವ ಸುರುಳಿ ಚೂರು ತುರುಕಿ ಹಿತ್ತಾಳೆ ಬೆಸುಗೆ. ಹೊಗೆ ನೇರ ಹೋಗುತ್ತದೆ, ಗದ್ದಲ ಡಬ್ಬಿಯಲ್ಲೇ ಉಳಿಯುತ್ತದೆ. ಕಾರು ಗುರುಗುಟ್ಟುತ್ತದೆ, ಅಷ್ಟೇ. ಏರು — ಸೆಕೆಂಡ್ ಗೇರೇ.

೨೬ ಮೇ, ಸಂಜೆ

ಅಮೃತಮ್ಮನನ್ನೂ ಕೂಸನ್ನೂ ಊರಿಗೆ ಬಿಡುವುದಿತ್ತು. ಊರ ಹೊರಗೆ ನಿಲ್ಲಿಸಿ ಮೊದಲು ನಾನು ನಡೆದುಹೋಗಿ ಹೇಳಲೇ ಅಂದೆ. "ಬ್ಯಾಡ, ಹಂಗೇ ನಡಿ," ಅಂದರು ಬೇಗಂ. ಅವರೂ ಸೀಟಿನ ಅಂಚಿಗೆ ಸರಿದು ಕೂತಿದ್ದರು.

ಹಳ್ಳ ದಾಟಿದೆವು. ಮೊದಲೇ ಊರಿಗೆ ಮರಳಿದ್ದ ಹಣಮಂತಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ತಲೆ ಎತ್ತಿದಳು. ಎದ್ದಳು. ನನ್ನ ಕಾಲು ಬ್ರೇಕಿನ ಮೇಲೆ. ಆಕೆ ಮೊರ ಕೆಳಗಿಟ್ಟು ಕಾರಿನ ಕಡೆಗೇ ಬಂದಳು. ಬೇಗಂ ಅವರ ಕೈಗಳನ್ನು ಹಿಡಿದುಕೊಂಡಳು, ಎರಡನ್ನೂ. ಹಿಡಿದೇ ಇದ್ದಳು.

"ಕೂಸು ಆಮ್ಯಾಲ. ಮೊದಲ ನೀ ಒಳಗ ಬಾರವ್ವ."

ಆಮೇಲೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.