ಮೇಳದಲ್ಲಿ ಆಡಿದ ಮಾತು

ರಾಜೀವನಗರ, ಮೈಸೂರು

ಚಿರಂಜೀವಿ ಅಮರನಿಗೆ ಅವ್ವನ ಆಶೀರ್ವಾದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನೆ ಕರಕುಶಲ ಮೇಳದಲ್ಲಿ ನಾನು ಕಂಬಳಿಯ ಉಣ್ಣೆ ನೂಲುತ್ತಾ, ಹುತ್ತದೊಳಗಿಂದ ಮೊದಲ ಕುರಿಮಂದೆ ಎದ್ದುಬಂದ ಕಥೆಯನ್ನು ಜನರಿಗೆ ಹೇಳುತ್ತಿದ್ದೆ. ಆಗ ನಿನ್ನನ್ನು ಕಂಡೆ. ನೀನು ಆಫೀಸಿನವರ ಜೊತೆಗಿದ್ದೆ, ನೀಲಿ ಅಂಗಿ ನಿನಗೆ ಚೆನ್ನಾಗಿ ಒಪ್ಪಿತ್ತು. ನನ್ನನ್ನು ನೋಡಿದವನೇ ಮೊಬೈಲಿಗೆ ಮುಖ ತಗ್ಗಿಸಿದೆ. ಕಂಬಳಿಯವಳ ಮಗ ಎಂದು ಅವರಿಗೆ ತಿಳಿಯುವುದು ಬೇಡವೇನೋ ಅಂದುಕೊಂಡೆ.

ನೀನು ಅನುಪಮಾ ಎಂದು ಕರೆದೆಯಲ್ಲ, ನಿಮ್ಮ ಆಫೀಸಿನ ಆ ಹುಡುಗಿ ನನ್ನ ಪಕ್ಕದಲ್ಲೇ ಕೂತು ಕೇಳಿದಳು: "ಈ ಕೆಲ್ಸ ನಿಮ್ಮ ಮಕ್ಳಿಗೂ ಬರುತ್ತಾ ಅಮ್ಮ?"

"ನಂಗೆ ಮಕ್ಳಿಲ್ಲ ಕಣಮ್ಮ" ಅಂದುಬಿಟ್ಟೆ.

ನೀನು ತಲೆ ಎತ್ತಿದೆ. ಆ ಮುಖ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನಿನ್ನ ಮರ್ಯಾದೆ ಉಳಿಸಲು ಹಾಗಂದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ, ನನಗೆ ಸಿಟ್ಟೂ ಬಂದಿತ್ತು. ಹೆತ್ತವಳ ಬಾಯಲ್ಲಿ ಬರಬಾರದ ಮಾತು ಬಂತು, ಮಗ. ನಾಚಿಕೆಯಾಗಿದೆ.

ಆ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, "ನನ್ನನ್ನೇ ಮಗಳು ಅಂದ್ಕೊಳ್ಳಿ" ಎಂದಳು. ಭಾನುವಾರ ನೂಲುವುದನ್ನು ಕಲಿಯಲು ಮತ್ತೆ ಬರುತ್ತಾಳಂತೆ. ಅಷ್ಟರೊಳಗೆ ಅವಳಿಗೆ ಏನು ಹೇಳಲಿ ಎಂದು ತಿಳಿಸು. ನಿನಗೆ ಮುಜುಗರವಾಗುವುದಾದರೆ ಅವತ್ತು ನಾನು ಮೇಳಕ್ಕೇ ಹೋಗುವುದಿಲ್ಲ. ಆದರೆ ಇನ್ನೊಂದು ಸಲ ಮಕ್ಕಳಿಲ್ಲ ಎನ್ನುವುದು ನನ್ನಿಂದಾಗದು.

ನಿನ್ನ ಅವ್ವ,
ಪುಟ್ಟಮಾದಮ್ಮ